ಮೂಲ್ಕಿಯ ಬುಧಿ ಕುಂದರನ್: ಎರವಲು ಗ್ಲೌಸಿನ ಕೀಪರ್

ಮಣಿಪಾಲದಿಂದ ಮಂಗಳೂರಿನ ಬಸ್ ಹತ್ತಿದರೆ ಉಡುಪಿ, ಕಟಪಾಡಿ, ಕಾಪು, ಉಚ್ಚಿಲ, ಪಡುಬಿದ್ರಿ, ಹೆಜಮಾಡಿ. ಕಾರ್ಕಳದ ಕಡೆಯವರಾದರೆ ಬೆಳ್ಮಣ್ ಮೇಲೆ ಬಂದು ಪಡುಬಿದ್ರಿಯಲ್ಲಿ ಇದೇ ರಸ್ತೆ ಸೇರ್ತಾರೆ. ಹೆಜಮಾಡಿ ಕಳೆದು ಶಾಂಭವಿ ಹೊಳೆಯ ಸೇತುವೆ ದಾಟಿದ ಕೂಡಲೇ ಮೂಲ್ಕಿ. ನಮ್ಮಲ್ಲಿ ಹೆಚ್ಚಿನವರಿಗೆ ಮೂಲ್ಕಿ ಅಂದರೆ ಬಪ್ಪನಾಡು ದೇವಸ್ಥಾನ, ಇಲ್ಲವೇ ಈಚೆಗೆ ಸರ್ಫಿಂಗ್. ಭಾರತಕ್ಕೆ 18 ಟೆಸ್ಟ್ ಆಡಿದ ಒಬ್ಬ ವಿಕೆಟ್ ಕೀಪರ್ ಈ ಊರಿನಲ್ಲಿ ಹುಟ್ಟಿದವರು ಅಂತ ನಮ್ಮ ಹಾಸ್ಟೆಲಿನಲ್ಲಿ ಎಷ್ಟು ಜನರಿಗೆ ಗೊತ್ತುಂಟೋ ನೋಡೋಣ ಅಂತ ಕೇಳಿದೆ. ಕ್ರಿಕೆಟ್ ಬಗ್ಗೆ ರಾತ್ರಿ ಎರಡು ಗಂಟೆವರೆಗೆ ವಾದ ಮಾಡುವವರೂ ಸುಮ್ಮನೆ ಕೂತರು.

ಬುಧಿಸಾಗರ ಕೃಷ್ಣಪ್ಪ ಕುಂದರನ್ ಹುಟ್ಟಿದ್ದು 1939ರ ಅಕ್ಟೋಬರ್ 2ರಂದು. ಆಗ ಮೂಲ್ಕಿ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಹೊಟ್ಟೆಪಾಡಿಗೆ ಬೊಂಬಾಯಿಗೆ ಹೋಗುವುದು ಕರಾವಳಿಯ ಮನೆಮನೆಯ ಕತೆ. ಕುಂದರನ್ ಬೆಳೆದದ್ದೂ ಆಡಲು ಕಲಿತದ್ದೂ ಆ ಊರಿನಲ್ಲೇ. ಮನೆಯೆಂದರೆ ಒಂದೇ ಕೋಣೆ, ಅದರಲ್ಲಿ ಇಡೀ ಕುಟುಂಬ. ತಂದೆಗೆ ಮಗನ ಕ್ರಿಕೆಟ್ ಹುಚ್ಚು ಇಷ್ಟವಿರಲಿಲ್ಲ. ಶಾಲಾ ತಂಡಕ್ಕೆ ಆಯ್ಕೆಯಾದಾಗ ಹಾಕಿಕೊಳ್ಳಲು ಬಿಳಿ ಬಟ್ಟೆ ಇಲ್ಲ. ತಾಯಿ ಗಂಡನ ಬಟ್ಟೆಯನ್ನೇ ಕತ್ತರಿಸಿ ಮಗನ ಅಳತೆಗೆ ಹೊಲಿದುಕೊಟ್ಟರು ಅಂತ ಹೇಳ್ತಾರೆ. ಹುಡುಗ ಆ ಬಟ್ಟೆಯಲ್ಲೇ ಹೋಗಿ ರಾಶಿ ರನ್ ಹೊಡೆದು ಬಂದನಂತೆ. ಆಮೇಲೆ ತಂದೆ ಎಂತ ಹೇಳಿಯಾರು!

ಮುಂದಿನ ಕತೆಗೆ ಹೋಗುವ ಮೊದಲು ಕೀಪರ್ ಕೆಲಸದ ಬಗ್ಗೆ ಒಂದು ಮಾತು. ನಮ್ಮ ಕಾಲೇಜಿನ ಫುಟ್‌ಬಾಲ್ ಟೀಮಿನಲ್ಲಿ ಎರಡನೇ ಗೋಲ್‌ಕೀಪರ್ ಆಗಿ ಬೆಂಚು ಕಾದವರಿಗೆ ಇದು ಚೆನ್ನಾಗಿ ಗೊತ್ತು. ಡಿಫೆಂಡರ್ ಆದರೆ ನಾಲ್ಕು ಜಾಗ ಉಂಟು, ಒಂದಲ್ಲ ಒಂದು ಸಿಗಬಹುದು. ಕೀಪರಿಗೆ ಇರುವುದು ಒಂದೇ ಜಾಗ. ಅಲ್ಲಿ ಇನ್ನೊಬ್ಬ ನಿಂತಿದ್ದಾನೆ ಅಂದರೆ ನೀವು ಎಷ್ಟೇ ಒಳ್ಳೆಯ ಆಟಗಾರ ಆದರೂ ಹೊರಗೆ. ಕ್ರಿಕೆಟ್ಟಿನಲ್ಲೂ ಹಾಗೆಯೇ, ಮೂರು ಸ್ಟಂಪಿನ ಹಿಂದೆ ಒಬ್ಬನೇ. 1960ರ ದಶಕದಲ್ಲಿ ಭಾರತದ ಆ ಒಂದು ಜಾಗಕ್ಕೆ ನಾಲ್ಕೈದು ಜನ ಇದ್ದರು, ಆಯ್ಕೆದಾರರು ಅವರನ್ನು ತಿರುಗಿಸಿ ತಿರುಗಿಸಿ ಹಾಕ್ತಿದ್ದರು. ಕುಂದರನ್ ಅವರ ಇಡೀ ಜೀವನ ಈ ತಿರುಗಾಟದ ಕತೆ.

1959-60ರಲ್ಲಿ ರಿಚಿ ಬೆನೋ ನಾಯಕತ್ವದ ಆಸ್ಟ್ರೇಲಿಯಾ ತಂಡ ಭಾರತಕ್ಕೆ ಬಂತು. ದೆಹಲಿಯ ಮೊದಲ ಟೆಸ್ಟಿಗೆ ಪಿ.ಜಿ. ಜೋಶಿ ಕೀಪರ್. ಕಾನ್ಪುರದ ಎರಡನೇ ಟೆಸ್ಟಿಗೆ ನರೇನ್ ತಮ್ಹಾನೆ. ಜಸು ಪಟೇಲ್ 14 ವಿಕೆಟ್ ಕಿತ್ತು ಭಾರತ ಗೆದ್ದ ಪಂದ್ಯ ಅದು. ಗೆದ್ದ ತಂಡದ ಕೀಪರನ್ನು ಯಾರಾದರೂ ಬದಲಿಸ್ತಾರಾ? ಬದಲಿಸಿದರು. 1960ರ ಜನವರಿ 1ಕ್ಕೆ ಬೊಂಬಾಯಿಯ ಬ್ರೆಬೋರ್ನ್ ಸ್ಟೇಡಿಯಂನಲ್ಲಿ ಶುರುವಾದ ಮೂರನೇ ಟೆಸ್ಟಿಗೆ ಕರೆ ಬಂದದ್ದು ಕುಂದರನ್‌ಗೆ. ವಯಸ್ಸು 20. ಅಲ್ಲಿವರೆಗೆ ಒಂದು ರಣಜಿ ಪಂದ್ಯವನ್ನೂ ಆಡಿರಲಿಲ್ಲ.

ಟೆಸ್ಟ್ ಆಡಲು ಸರಿಯಾದ ಕೀಪಿಂಗ್ ಗ್ಲೌಸ್ ಕೂಡ ಅವರ ಹತ್ತಿರ ಇರಲಿಲ್ಲವಂತೆ. ಕೊಟ್ಟದ್ದು ಯಾರು ಗೊತ್ತಾ, ತಮ್ಹಾನೆ. ಯಾರ ಜಾಗ ಹೋಯಿತೋ ಅವರೇ ಜಾಗ ಪಡೆದವನ ಕೈಗೆ ತಮ್ಮ ಗ್ಲೌಸ್ ಹಾಕಿ ಕಳಿಸಿದರು. ಇನ್ನು ಪಂದ್ಯದ ಹಿಂದಿನ ರಾತ್ರಿ. ಒಂದು ಕೋಣೆಯ ಮನೆಯಲ್ಲಿ ಅಷ್ಟು ಜನರ ನಡುವೆ ನಿದ್ದೆ ಸರಿಯಾಗಲಿಕ್ಕಿಲ್ಲ ಅಂತ ಕುಂದರನ್ ಹತ್ತಿರದ ಪಾರ್ಕಿಗೆ ಹೋಗಿ ಮಲಗಿದರು ಅನ್ನುವ ಮಾತುಂಟು. ಬೆಳಿಗ್ಗೆ ಎದ್ದು ಬಂದು ಭಾರತಕ್ಕೆ ಆಡಿದರು. ಈಗ ಐಪಿಎಲ್ ಆಟಗಾರರ ಕಿಟ್ ಬ್ಯಾಗ್ ನೋಡುವಾಗ ನನಗೆ ಈ ಕತೆಯೇ ನೆನಪಾಗ್ತದೆ.

ಎರಡನೇ ಟೆಸ್ಟಿನಲ್ಲಿ, ಮದ್ರಾಸಿನಲ್ಲಿ, ಅವರನ್ನು ಓಪನರ್ ಮಾಡಿದರು. ಎದುರಿಗೆ ಡೇವಿಡ್‌ಸನ್, ಬೆನೋ. ಇಡೀ ತಂಡ 149ಕ್ಕೆ ಆಲೌಟ್. ಅದರಲ್ಲಿ 71 ಈ ಹುಡುಗನದ್ದು, ಹತ್ತಿರ ಹತ್ತಿರ ಅರ್ಧ. ಹೆದರಿ ಆಡುವ ಜಾಯಮಾನ ಅಲ್ಲ. ಚೆಂಡು ಹೊಡೆಯಲು ಸಿಕ್ಕಿದರೆ ಅದು ಪಂದ್ಯದ ಮೊದಲ ಓವರೋ ಕೊನೆಯ ಓವರೋ ಅಂತ ನೋಡುವವರಲ್ಲ. ಅದೇ ಋತುವಿನಲ್ಲಿ ರೈಲ್ವೇಸ್ ಪರ ರಣಜಿಗೆ ಇಳಿದು, ಜಮ್ಮು ಮತ್ತು ಕಾಶ್ಮೀರದ ವಿರುದ್ಧ ಮೊದಲ ಪಂದ್ಯದಲ್ಲೇ 205 ಹೊಡೆದರು. ಟೆಸ್ಟ್ ಮೊದಲು, ರಣಜಿ ಆಮೇಲೆ. ಎಲ್ಲ ಉಲ್ಟಾ.

ಇಷ್ಟಾದರೂ ಜಾಗ ಗಟ್ಟಿಯಾಗಲಿಲ್ಲ. ಮರುವರ್ಷ ಪಾಕಿಸ್ತಾನ ಬಂದಾಗ ಮತ್ತೆ ಜೋಶಿ, ತಮ್ಹಾನೆ, ಕುಂದರನ್ ಅಂತ ಸರದಿ. 1961ರ ಡಿಸೆಂಬರಿನಲ್ಲಿ ಕಾನ್ಪುರದಲ್ಲಿ ಫರೂಕ್ ಎಂಜಿನಿಯರ್ ಟೆಸ್ಟಿಗೆ ಬಂದರು. ಅವರದ್ದೂ ಬೀಸಿ ಹೊಡೆಯುವ ಆಟ, ಅವರೂ ಕೀಪರ್, ಅವರೂ ಬೊಂಬಾಯಿಯಲ್ಲಿ ಬೆಳೆದವರು. ಒಂದೇ ಅಚ್ಚಿನ ಇಬ್ಬರು, ಜಾಗ ಒಂದು.

1964ರ ಜನವರಿಯಲ್ಲಿ ಮೈಕ್ ಸ್ಮಿತ್ ನಾಯಕತ್ವದ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಮದ್ರಾಸಿನ ಕಾರ್ಪೊರೇಷನ್ ಸ್ಟೇಡಿಯಂನಲ್ಲಿ. ಕುಂದರನ್ ಓಪನರ್ ಆಗಿ ಹೋದವರು ಮೊದಲ ದಿನ ಸಂಜೆಗೆ 170. ಒಂದು ದಿನದಲ್ಲಿ 170, ಅದೂ ಆ ಕಾಲದಲ್ಲಿ! ಮರುದಿನ 192ಕ್ಕೆ ಔಟಾದರು, ದ್ವಿಶತಕಕ್ಕೆ ಎಂಟು ಕಡಿಮೆ. ಈ ಪಂದ್ಯವನ್ನು ಕ್ವಿಜ್ ಮಂದಿ ನೆನಪಿಡುವುದು ಬೇರೆ ಕಾರಣಕ್ಕೆ. ಬಾಪು ನಾಡಕರ್ಣಿ ಒಂದರ ಹಿಂದೆ ಒಂದು 21 ಮೇಡನ್ ಓವರ್ ಹಾಕಿದ್ದು ಇದರಲ್ಲೇ. 32 ಓವರ್, 27 ಮೇಡನ್, 5 ರನ್. ನಾಡಕರ್ಣಿಯ ಓವರುಗಳು ಎಲ್ಲ ಪುಸ್ತಕದಲ್ಲಿ ಉಂಟು, ಅದೇ ಸ್ಕೋರ್‌ಕಾರ್ಡಿನಲ್ಲಿ ಮೇಲಿರುವ 192ನ್ನು ಯಾರೂ ಕೇಳುವುದಿಲ್ಲ. ನನಗೆ ಇದು ಸ್ವಲ್ಪ ಅನ್ಯಾಯ ಅನಿಸ್ತದೆ. ರನ್ ಕೊಡದೆ ಇದ್ದದ್ದು ದೊಡ್ಡ ಸುದ್ದಿ, ರನ್ ಹೊಡೆದದ್ದು ಅಲ್ಲ!

ಆ ಸರಣಿಯ ಐದೂ ಟೆಸ್ಟ್ ಡ್ರಾ. ನೋಡಲು ಬಂದ ಜನ ಆಕಳಿಸಿದ ಸರಣಿ ಅಂತ ಹೆಸರು. ಅದರಲ್ಲಿ ಕುಂದರನ್ ದೆಹಲಿಯಲ್ಲಿ ಇನ್ನೊಂದು ಶತಕ ಹೊಡೆದು ಒಟ್ಟು 525 ರನ್ ಮಾಡಿದರು. ಕೀಪರ್ ಕೆಲಸವನ್ನೂ ಮಾಡಿಕೊಂಡು. ದಿನವಿಡೀ ಕೂತು ಎದ್ದು ಚೆಂಡು ಹಿಡಿದವನು ಪ್ಯಾಡ್ ಬಿಚ್ಚಿ ಬೇರೆ ಪ್ಯಾಡ್ ಕಟ್ಟಿ ಹತ್ತು ನಿಮಿಷದಲ್ಲಿ ಓಪನಿಂಗ್ ಮಾಡಲು ಹೋಗಬೇಕು. ಮೊಣಕಾಲಿನ ಕತೆ ಏನಾಗಿರಬೇಡ.

ಮುಂದಿನ ಸರಣಿ ಅದೇ ವರ್ಷ ಅಕ್ಟೋಬರಿನಲ್ಲಿ, ಆಸ್ಟ್ರೇಲಿಯಾ ವಿರುದ್ಧ ಮೂರು ಟೆಸ್ಟ್. ಕೀಪರ್ ಯಾರು? ಇಂದ್ರಜಿತ್‌ಸಿನ್ಹಜಿ. ಹಿಂದಿನ ಸರಣಿಯಲ್ಲಿ 525 ಹೊಡೆದವನು ಹೊರಗೆ. ಅದಾದ ಮೇಲೆ ನ್ಯೂಜಿಲೆಂಡ್ ಬಂದಾಗ ಎಂಜಿನಿಯರ್. ಕುಂದರನ್‌ಗಿಂತ ಅವರ ಗ್ಲೌಸ್ ಕೆಲಸ ಚೊಕ್ಕ ಅಂತ ವಾದ ಮಾಡುವವರು ಇದ್ದರು, ಇರಬಹುದು. ಆದರೆ ಕೀಪರ್ ಅಲ್ಲದಿದ್ದರೆ ಬರೇ ಬ್ಯಾಟ್ಸ್‌ಮನ್ ಆಗಿಯಾದರೂ 525 ರನ್ನಿನವನಿಗೆ ಜಾಗ ಇರಬೇಕಿತ್ತು ಅಂತ ನನ್ನ ಲೆಕ್ಕ. ಓಪನರುಗಳು ತುಂಬಿ ತುಳುಕುತ್ತಿದ್ದ ಕಾಲವೂ ಅಲ್ಲ ಅದು.

ನಡುವೆ ಅವರು ರೈಲ್ವೇಸ್ ಬಿಟ್ಟು ಮೈಸೂರು ತಂಡಕ್ಕೆ ಬಂದರು. ಹುಟ್ಟಿದಾಗ ಮದ್ರಾಸಿಗೆ ಸೇರಿದ್ದ ಊರು 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತ್ತಲ್ಲ, ಹಾಗೆ ನೋಡಿದರೆ ತನ್ನ ರಾಜ್ಯಕ್ಕೇ ಬಂದ ಹಾಗಾಯಿತು. ಪ್ರಸನ್ನ, ಚಂದ್ರಶೇಖರ್, ಸುಬ್ರಹ್ಮಣ್ಯ ಆಡುತ್ತಿದ್ದ ತಂಡ. ಚಂದ್ರಶೇಖರ್ ಬೌಲಿಂಗಿಗೆ ಸ್ಟಂಪಿನ ಹಿಂದೆ ನಿಲ್ಲುವುದು ಸುಲಭದ ಕೆಲಸ ಅಲ್ಲ. ಚೆಂಡು ಎತ್ತ ತಿರುಗುತ್ತದೆ ಅಂತ ಬ್ಯಾಟ್ಸ್‌ಮನ್ನಿಗೆ ತಿಳಿಯುವುದಿಲ್ಲ, ಕೀಪರಿಗೂ ಓದಲು ಸಿಗುವುದು ಅದೇ ಕ್ಷಣಾರ್ಧ. ಆಮೇಲೆ ಅದು ವೇಗವಾಗಿಯೂ ಬರ್ತದೆ.

1966ರ ಡಿಸೆಂಬರಿನಲ್ಲಿ ಸೋಬರ್ಸ್ ತಂಡದ ವಿರುದ್ಧ ಬೊಂಬಾಯಿಯಲ್ಲಿ ಮತ್ತೆ ಕರೆ. ಹಾಲ್, ಗ್ರಿಫಿತ್ ಎಸೆತಗಳನ್ನು ಚಚ್ಚಿ 79. ಕಲ್ಕತ್ತೆಯಲ್ಲೂ ಆಡಿದರು. ಮೂರನೇ ಟೆಸ್ಟಿಗೆ ಎಂಜಿನಿಯರ್ ವಾಪಸ್. ಅವರು ಮದ್ರಾಸಿನಲ್ಲಿ ಊಟಕ್ಕೆ ಮುಂಚೆ 94 ಹೊಡೆದು, ಕೊನೆಗೆ 109 ಮಾಡಿದರು. ಅಲ್ಲಿಗೆ ಆ ಒಂದು ಜಾಗದ ಪ್ರಶ್ನೆ ಮುಗಿಯಿತು.

1967ರ ಇಂಗ್ಲೆಂಡ್ ಪ್ರವಾಸಕ್ಕೆ ಇಬ್ಬರೂ ಹೋದರು. ಲಾರ್ಡ್ಸ್‌ನಲ್ಲಿ ಕೀಪರ್ ಎಂಜಿನಿಯರ್, ಕುಂದರನ್ ಬರೇ ಬ್ಯಾಟ್ಸ್‌ಮನ್. ಎರಡನೇ ಇನ್ನಿಂಗ್ಸಿನಲ್ಲಿ ಭಾರತ 110ಕ್ಕೆ ಕುಸಿದಾಗ 47 ಅವರದ್ದು. ಬರ್ಮಿಂಗ್‌ಹ್ಯಾಮಿನ ಟೆಸ್ಟ್ ಮಾತ್ರ ತಮಾಷೆಯೋ ದುಃಖವೋ ಹೇಳಲಿಕ್ಕಾಗದ್ದು. ಬೇಡಿ, ಚಂದ್ರಶೇಖರ್, ಪ್ರಸನ್ನ, ವೆಂಕಟರಾಘವನ್ ನಾಲ್ವರೂ ಒಟ್ಟಿಗೆ ಆಡಿದ ಒಂದೇ ಒಂದು ಟೆಸ್ಟ್ ಇದು. ಸ್ಪಿನ್ನರುಗಳೇ ತುಂಬಿದ್ದರಿಂದ ಹೊಸ ಚೆಂಡು ಹಾಕುವವರು ಇಲ್ಲ. ಸುಬ್ರಹ್ಮಣ್ಯ ಒಂದು ಕಡೆಯಿಂದ, ಇನ್ನೊಂದು ಕಡೆಯಿಂದ ಯಾರು? ನಾಯಕ ಪಟೌಡಿ ಚೆಂಡನ್ನು ಕುಂದರನ್ ಕೈಗೆ ಕೊಟ್ಟರು. ನೀನು ಹಾಕುವುದು ಎಂಥ ಬೌಲಿಂಗ್ ಅಂತ ಪಟೌಡಿ ಕೇಳಿದ್ದಕ್ಕೆ, ಅದು ತನಗೂ ಗೊತ್ತಿಲ್ಲ ಅಂತ ಇವರು ಉತ್ತರ ಕೊಟ್ಟ ಕತೆ ಈಗಲೂ ಚಾಲ್ತಿಯಲ್ಲಿದೆ. ನಾಲ್ಕು ಓವರ್ ಹಾಕಿದರು, ವಿಕೆಟ್ ಸಿಗಲಿಲ್ಲ. ಎರವಲು ಗ್ಲೌಸ್ ಹಾಕಿ ಬಂದ ಕೀಪರ್, ಗ್ಲೌಸೇ ಇಲ್ಲದೆ ಓಪನಿಂಗ್ ಬೌಲರ್ ಆಗಿ ಟೆಸ್ಟ್ ಮುಗಿಸಿದರು. ಅದೇ ಕೊನೆಯದು. 18 ಟೆಸ್ಟ್, 981 ರನ್, ಸರಾಸರಿ 32.70, ಎರಡು ಶತಕ. 23 ಕ್ಯಾಚ್, 7 ಸ್ಟಂಪಿಂಗ್. ವಯಸ್ಸು ಇನ್ನೂ 28 ಆಗಿರಲಿಲ್ಲ.

1970ರಲ್ಲಿ ಅವರು ಸ್ಕಾಟ್ಲೆಂಡಿಗೆ ಹೋದರು. ಗ್ಲಾಸ್ಗೋ ಪಕ್ಕದ ಕೋಟ್‌ಬ್ರಿಜ್ ಊರಿನ ಡ್ರಂಪೆಲಿಯರ್ ಕ್ಲಬ್ಬಿಗೆ ಪ್ರೊಫೆಷನಲ್ ಆಗಿ. ಅಲ್ಲಿನ ಕ್ಲಬ್ ಕ್ರಿಕೆಟ್ಟಿನ ರೀತಿ ಬೇರೆ. ತಂಡದ ಉಳಿದವರೆಲ್ಲ ವಾರವಿಡೀ ಬೇರೆ ಉದ್ಯೋಗ ಮಾಡಿ ಶನಿವಾರ ಆಡುವವರು. ಸಂಬಳ ತೆಗೆದುಕೊಂಡು ಆಡುವುದು ಪ್ರೊಫೆಷನಲ್ ಮಾತ್ರ. ರನ್ ಅವನೇ ಮಾಡಬೇಕು, ಹುಡುಗರಿಗೆ ಕಲಿಸುವುದೂ ಅವನೇ. ನಮ್ಮ ಕರಾವಳಿಯವನಿಗೆ ಮಳೆ ಹೊಸತಲ್ಲ. ಆದರೆ ಮಳೆಗಾಲದಲ್ಲಿ ನಾವು ಕ್ರಿಕೆಟ್ ನಿಲ್ಲಿಸ್ತೇವೆ, ಅವರು ಮಳೆಯ ನಡುವೆಯೇ ಬೇಸಿಗೆ ಅಂತ ಹೇಳಿ ಆಡ್ತಾರೆ! 1980ರ ದಶಕದ ಶುರುವಿನಲ್ಲಿ, ನಲವತ್ತು ದಾಟಿದ ಮೇಲೆ, ಬೆನ್ಸನ್ ಅಂಡ್ ಹೆಜಸ್ ಕಪ್ಪಿನಲ್ಲಿ ಸ್ಕಾಟ್ಲೆಂಡ್ ಪರವಾಗಿಯೂ ಆಡಿದರು. ರೈಲ್ವೇಸ್, ಮೈಸೂರು, ಭಾರತ, ಸ್ಕಾಟ್ಲೆಂಡ್. ಒಬ್ಬ ಕೀಪರಿಗೆ ಇಷ್ಟು ಜೆರ್ಸಿ. ಇವರ ಜಾಗ ಪಡೆದ ಎಂಜಿನಿಯರ್ ಕೂಡ ಲ್ಯಾಂಕಷೈರ್ ಸೇರಿ ಇಂಗ್ಲೆಂಡಿನಲ್ಲೇ ಉಳಿದದ್ದು ವಿಚಿತ್ರ.

ಗ್ಲಾಸ್ಗೋದಲ್ಲಿ 2006ರ ಜೂನ್ 23ರಂದು, ಶ್ವಾಸಕೋಶದ ಕ್ಯಾನ್ಸರಿನಿಂದ, 66ನೇ ವಯಸ್ಸಿನಲ್ಲಿ ತೀರಿಕೊಂಡರು. ಭಾರತದ ಕೀಪರ್ ಒಬ್ಬ ಟೆಸ್ಟಿನಲ್ಲಿ ಹೊಡೆದ ಅತಿ ಹೆಚ್ಚು ರನ್ ಆಗಲೂ ಅದೇ 192. ಅದನ್ನು ದಾಟಿದ್ದು ಧೋನಿ, 2013ರ ಫೆಬ್ರವರಿಯಲ್ಲಿ, ಆಸ್ಟ್ರೇಲಿಯಾ ವಿರುದ್ಧ 224 ಹೊಡೆದು. ಅದೂ ಚೆನ್ನೈಯಲ್ಲೇ, ಕಾರ್ಪೊರೇಷನ್ ಸ್ಟೇಡಿಯಂನಿಂದ ಕೆಲವೇ ಕಿಲೋಮೀಟರ್ ದೂರದ ಚೆಪಾಕ್‌ನಲ್ಲಿ. ನಡುವೆ ದಾಟಿದ ವರ್ಷ 49.