ಭಕ್ತಿಭಂಡಾರಿಗೆ ಬಂದ ಅಪವಾದ

ಹೊರಕೆರೆದೇವಪುರದ ಕಡೆಯ ಸಾಮಾನ್ಯ ಭಕ್ತನಿರಲಿ, ಕಲ್ಯಾಣದ ಮಹಾಮಂತ್ರಿಯಿರಲಿ, ಹತ್ತು ಜನರ ಹಣದ ಲೆಕ್ಕ ಹಿಡಿದವನು ಲೋಕದ ನಾಲಗೆಗೆ ಸಿಕ್ಕದೆ ಇರಲಾರನು. ಭಕ್ತಿಭಂಡಾರಿ ಬಸವಣ್ಣನವರಿಗೂ ಇದು ತಪ್ಪಲಿಲ್ಲ.

ಬಾಗೇವಾಡಿಯ ಮಾದರಸ ಮಾದಲಾಂಬಿಕೆಯರ ಪುತ್ರರಾಗಿ ಜನಿಸಿ, ಜನಿವಾರವನ್ನು ತೊರೆದು, ಕೃಷ್ಣಾ ಮಲಪ್ರಭೆಯರು ಕೂಡುವ ಸಂಗಮದಲ್ಲಿ ವಿದ್ಯೆಯನ್ನೂ ದೇವರನ್ನೂ ಕಂಡುಕೊಂಡ ಮಹಾನುಭಾವರು ಅವರು. ಮಂಗಳವೇಡೆಯಲ್ಲಿ ಕಳಚುರಿ ಬಿಜ್ಜಳನ ಬಳಿ ಕರಣಿಕರಾಗಿ ಸೇರಿ, ಭಂಡಾರದ ಅಧಿಕಾರಕ್ಕೆ ಏರಿದರು. ಬಿಜ್ಜಳನು ಚಾಲುಕ್ಯರ ಸಿಂಹಾಸನವನ್ನು ವಶಪಡಿಸಿಕೊಂಡ ಮೇಲೆ ಅವರ ಕಾರ್ಯಕ್ಷೇತ್ರವು ಕಲ್ಯಾಣವಾಯಿತು.

ಮಹಾಮನೆಯಲ್ಲಿ ನಿತ್ಯ ದಾಸೋಹ. ಬಂದ ಜಂಗಮರಿಗೆ ಲೆಕ್ಕವಿಲ್ಲ. ಇಷ್ಟೆಲ್ಲಕ್ಕೂ ಹಣವೆಲ್ಲಿಯದು ಎಂಬ ಪ್ರಶ್ನೆ ಆಸ್ಥಾನದಲ್ಲಿ ಹುಟ್ಟಿತು. ರಾಜಭಂಡಾರವೇ ಬರಿದಾಗುತ್ತಿದೆಯೆಂದು ಅಸೂಯಾಪರರು ದೊರೆಯ ಕಿವಿಯಲ್ಲಿ ಊದಿದರು. ಕೊಂಡೆಯ ಮಂಚಣ್ಣನೆಂಬುವನನ್ನು ಪರಂಪರೆಯು ಈ ಕಾರ್ಯಕ್ಕಾಗಿಯೇ ನೆನೆಯುತ್ತದೆ, ಹೆಸರಿನಲ್ಲಿಯೇ ಚಾಡಿಯಿದೆ. ದೊರೆ ಭಂಡಾರವನ್ನು ತೆರೆಸಿದನು. ಬಸವಣ್ಣನವರು ಕೋಪಿಸಲಿಲ್ಲ, ಚಾಡಿಕೋರರ ಹೆಸರನ್ನು ಕೇಳಲಿಲ್ಲ. ಸಂಗಮನಾಥನನ್ನು ನೆನೆದು ಎಣಿಸಿ ನೋಡಲು ಬಿಟ್ಟರು. ಎಣಿಸಿದಾಗ ಒಂದು ಹೊನ್ನೂ ಕಡಿಮೆಯಿರಲಿಲ್ಲ.

ಬರಿದಾದ ಪೆಟ್ಟಿಗೆಯನ್ನು ಶಿವನೇ ತುಂಬಿದನೆಂದು ಪುರಾಣ ಹೇಳುವವರು ಈ ಸಂದರ್ಭವನ್ನು ಪವಾಡವಾಗಿ ವರ್ಣಿಸುವುದುಂಟು. ಪವಾಡವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ತಮಗಾಗಿ ಏನನ್ನೂ ಕೂಡಿಡಲಿಲ್ಲವೆಂದು ದೇವರನ್ನೇ ಸಾಕ್ಷಿಗೆ ಕರೆದ ವಚನಕಾರರ ಲೆಕ್ಕವು ಮೊದಲಿನಿಂದಲೇ ಶುದ್ಧವಾಗಿದ್ದಿತೆಂದು ನಂಬುವುದರಿಂದ ಅವರ ಮಹಿಮೆಗೆ ಕುಂದೇನೂ ಬಾರದು. ಕೈ ಶುದ್ಧವಾಗಿದ್ದವನಿಗೇ ದೇವರನ್ನು ಸಾಕ್ಷಿಗೆ ಕರೆಯುವ ಧೈರ್ಯವಿರುತ್ತದೆ.

ಕೇರಿಯ ಶಿವನಾಗಿಮಯ್ಯನ ಮನೆಯಲ್ಲಿ ಪ್ರಸಾದ ಸ್ವೀಕರಿಸಿ ಅರಮನೆಯನ್ನು ಮೈಲಿಗೆ ಮಾಡಿದರೆಂಬ ದೂರೂ ಬಂದಿತು, ಅದೂ ನಿಲ್ಲಲಿಲ್ಲ.

ನಿಜವಾದ ಪರೀಕ್ಷೆ ಬೇರೆಯೇ ಇದ್ದಿತು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ವಿವಾಹವಾದಾಗ, ವರ್ಣಸಂಕರದ ಆರೋಪವು ಇಡೀ ಶರಣಸಮೂಹದ ಮೇಲೆ ಬಂದಿತು. ಈ ಸಲ ತೆರೆದು ತೋರಿಸಲು ಭಂಡಾರವಿರಲಿಲ್ಲ, ಎಣಿಸಿ ನೋಡುವ ತಾಳ್ಮೆ ದೊರೆಗೂ ಇರಲಿಲ್ಲ. ಹರಳಯ್ಯ ಮಧುವರಸರಿಗೆ ಘೋರ ಮರಣದಂಡನೆಯಾಯಿತು. ನಿರಪರಾಧಿಗಳನ್ನು ಸಂಗಮನಾಥನು ಏಕೆ ಕಾಯಲಿಲ್ಲ? ಭಂಡಾರದ ಕಥೆಯಲ್ಲಿಯೇ ನಿಂತುಬಿಡುವ ಉಪನ್ಯಾಸಕರು ಈ ಪ್ರಶ್ನೆಯನ್ನು ಎದುರಿಸುವುದಿಲ್ಲ. ಬಸವಣ್ಣನವರು ಎದುರಿಸಿದರು. ಅಧಿಕಾರ ಹೋಯಿತು, ಮಹಾಮನೆ ಹೋಯಿತು, ಒಡನಾಡಿದ ಶರಣರು ದಿಕ್ಕುದಿಕ್ಕಿಗೆ ಚದುರಿದರು; ಆದರೂ ಅವರ ಬಾಯಿಂದ ಸಂಗಮನಾಥನ ಹೆಸರು ಹೋಗಲಿಲ್ಲ. ಅವರು ಮುಯ್ಯಿಗೆ ನಿಲ್ಲದೆ, ತಾವು ಬಾಲ್ಯದಲ್ಲಿ ಆಶ್ರಯ ಪಡೆದಿದ್ದ ಸಂಗಮಕ್ಕೇ ಮರಳಿದರು.

1167ರ ಸುಮಾರಿಗೆ ಬಿಜ್ಜಳನ ಆಳ್ವಿಕೆಯೂ ಮುಗಿಯಿತು. ಅಪವಾದ ಮಾತ್ರ ಮುಗಿಯಲಿಲ್ಲ. 1369ರಲ್ಲಿ ಭೀಮಕವಿಯು ಕನ್ನಡದಲ್ಲಿ ಬಸವಪುರಾಣವನ್ನು ರಚಿಸಿ ಅವರನ್ನು ಕೊಂಡಾಡಿದನು. ಅನಂತರದ ಕಾಲದ ಬಿಜ್ಜಳರಾಯಚರಿತೆಯು ದೊರೆಯ ಸಾವಿನ ಹೊಣೆಯನ್ನು ಅವರ ತಲೆಗೇ ಕಟ್ಟಿತು. ಉತ್ತರ ಕೊಡಲು ಅವರಿರಲಿಲ್ಲ. ಇದ್ದಿದ್ದರೂ ಕೊಡುತ್ತಿದ್ದರೆಂದು ನಮಗೆ ತೋರುವುದಿಲ್ಲ.

ನಾರಾಯಣಪುರದ ಅಣೆಕಟ್ಟಿನಿಂದ ಸಂಗಮದಲ್ಲಿ ನೀರು ಏರಿದುದರಿಂದ, ಅವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆಯನ್ನು ಎಬ್ಬಿಸಿದ್ದಾರೆ. ದರ್ಶನಕ್ಕೆ ಹೋದವರು ಮೆಟ್ಟಿಲುಗಳನ್ನು ಇಳಿದು, ಸುತ್ತಲಿನ ನದಿಯ ಮಟ್ಟಕ್ಕಿಂತ ಕೆಳಗೆ ನಿಂತು ಆ ಲಿಂಗಕ್ಕೆ ಶರಣು ಮಾಡುತ್ತಾರೆ.