ಲೆಕ್ಕಪತ್ರದ ಅಧಿಕಾರಿ ಮತ್ತು ಸಮುದ್ರದ ನೀಲಿ

ನಮ್ಮ ಗದಗ ಜಿಲ್ಲೆಗೆ ಸಮುದ್ರವಿಲ್ಲ. ಮುಂಡರಗಿ, ಶಿರಹಟ್ಟಿ ಕಡೆಯವರಿಗೆ ತುಂಗಭದ್ರಾ ಹೊಳೆ ಇದೆ, ಗದಗ-ಬೆಟಗೇರಿಯವರಿಗೆ ಭೀಷ್ಮ ಕೆರೆ ಇದೆ. ನಾವು ಅಲೆ ನೋಡುವುದು ಅಲ್ಲಿಯೇ. ನಮ್ಮ ಮನೆಯ ಉರ್ದುವಿನಲ್ಲಿ ಅಲೆಗೆ ಮೌಜ್ ಎನ್ನುತ್ತಾರೆ. ಕನ್ನಡದ ಮೋಜು ಎಂಬ ಪದ ಬಂದದ್ದೂ ಅದರಿಂದಲೇ.

ಕೆರೆಯಲ್ಲಿ ತೇಲುವ ಒಣ ಎಲೆಯನ್ನು ಗಮನಿಸಿ. ಅಲೆ ದಡದ ಕಡೆಗೆ ಸಾಗುತ್ತದೆ, ಎಲೆ ಮಾತ್ರ ಹೆಚ್ಚುಕಡಿಮೆ ಇದ್ದಲ್ಲಿಯೇ ಏರಿಳಿಯುತ್ತದೆ. ಅಲೆ ಸಾಗಿಸುವುದು ಶಕ್ತಿಯನ್ನು. ನೀರಿನ ಕಣಗಳು ಒಂದು ಸುತ್ತು ಹಾಕಿ ಮೊದಲಿನ ಜಾಗದ ಹತ್ತಿರಕ್ಕೇ ಬರುತ್ತವೆ. ಪ್ರವಾಹದಲ್ಲಿ ಹಾಗಲ್ಲ, ಅಲ್ಲಿ ನೀರೇ ಮುಂದೆ ಹೋಗುತ್ತದೆ. ಇವೆರಡೂ ಅಲ್ಲದೆ ಕಣ್ಣಿಗೆ ಕಾಣದ ಇನ್ನೊಂದು ಚಲನೆಯೂ ಇದೆ. ನಿಂತ ನೀರಿನಲ್ಲಿಯೂ ಅಣುಗಳು ಸುಮ್ಮನಿರುವುದಿಲ್ಲ, ಒಂದಕ್ಕೊಂದು ತಾಗುತ್ತ ಸದಾ ಓಡಾಡುತ್ತಿರುತ್ತವೆ. ಈ ಚಲನೆಗೂ ಸಮುದ್ರದ ಬಣ್ಣಕ್ಕೂ ಇರುವ ಸಂಬಂಧವನ್ನು ತೋರಿಸಿದವರು ಸರ್ ಸಿ. ವಿ. ರಾಮನ್.

ಕಾಮರ್ಸ್ ವಿದ್ಯಾರ್ಥಿಗೆ ರಾಮನ್ ಯಾಕೆ ಎಂದು ಗೆಳೆಯರು ಕೇಳಿದರು. ರಾಮನ್ ಅವರ ಮೊದಲ ನೌಕರಿ ಲೆಕ್ಕಪತ್ರದ್ದು ಎಂಬುದೇ ನನ್ನ ಉತ್ತರ.

ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತಾಕ್ಕೆ ಹೋದರು. ಆಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಅಲ್ಲಿ ವೈದ್ಯ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ ವಿಜ್ಞಾನ ಸಂಸ್ಥೆಯೊಂದಿತ್ತು. ಅದು ಈ ತರುಣ ಅಧಿಕಾರಿಗೆ ತನ್ನ ಪ್ರಯೋಗಾಲಯವನ್ನು ಬಿಟ್ಟುಕೊಟ್ಟಿತು. ಹಗಲು ಸರ್ಕಾರದ ಲೆಕ್ಕ, ಕಚೇರಿಗೆ ಮುಂಚೆ ಮತ್ತು ಕಚೇರಿ ಬಿಟ್ಟ ಮೇಲೆ ಪ್ರಯೋಗ. ಹತ್ತು ವರ್ಷ ಹೀಗೆ ನಡೆಯಿತು. 1917ರಲ್ಲಿ ಅವರು ಕಡಿಮೆ ಸಂಬಳಕ್ಕೆ ಒಪ್ಪಿ ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

1921ರಲ್ಲಿ ಇಂಗ್ಲೆಂಡಿಗೆ ಹೋಗಿ ನರ್ಕುಂಡಾ ಎಂಬ ಹಡಗಿನಲ್ಲಿ ಮರಳುವಾಗ ಸಮುದ್ರದ ನೀಲಿ ಅವರನ್ನು ಯೋಚನೆಗೆ ಹಚ್ಚಿತು. ಅದು ಆಕಾಶದ ಪ್ರತಿಬಿಂಬ ಮಾತ್ರ ಎಂದು ಆಗ ದೊಡ್ಡ ವಿಜ್ಞಾನಿಗಳೇ ನಂಬಿದ್ದರು. ರಾಮನ್ ಬಳಿ ಒಂದು ಸಣ್ಣ ನಿಕೋಲ್ ಪಟ್ಟಕವಿತ್ತು. ಅದರಿಂದ ನೀರಿನ ಮೇಲ್ಮೈಯ ಪ್ರತಿಬಿಂಬವನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಗಿ ಕಂಡಿತು. ಅಣುಗಳ ಓಡಾಟದಿಂದ ನೀರಿನ ಸಾಂದ್ರತೆ ಅಲ್ಲಲ್ಲಿ ಅತಿ ಸ್ವಲ್ಪ ಹೆಚ್ಚುಕಡಿಮೆಯಾಗುತ್ತದೆ, ಅದರಿಂದ ಬೆಳಕು ಚದುರುತ್ತದೆ, ನೀಲಿ ಹೆಚ್ಚು ಚದುರುತ್ತದೆ ಎಂದು ಅವರು ವಿವರಿಸಿದರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಈ ಬಣ್ಣಕ್ಕೆ ಮುಖ್ಯ ಕಾರಣವೆಂದು ಇಂದು ತಿಳಿದಿದೆ. ಆದರೂ ಹಡಗಿನಲ್ಲಿ ಎದ್ದ ಪ್ರಶ್ನೆ ಅವರನ್ನು ಬಿಡಲಿಲ್ಲ. ದ್ರವಗಳಲ್ಲಿ ಬೆಳಕು ಚದುರುವುದನ್ನು ಶಿಷ್ಯರೊಂದಿಗೆ ವರ್ಷಗಟ್ಟಲೆ ಪರೀಕ್ಷಿಸಿದರು. 1928ರ ಫೆಬ್ರುವರಿ 28ರಂದು ರಾಮನ್ ಪರಿಣಾಮ ಸಿಕ್ಕಿತು. 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

1933ರಲ್ಲಿ ಅವರು ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಆಮೇಲೆ ಅಲ್ಲಿಯೇ ತಮ್ಮ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. 1954ರಲ್ಲಿ ಭಾರತರತ್ನ ಪಡೆದರು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿಯೇ ನಿಧನರಾದರು.

ಪಿಯುಸಿ ಮುಗಿದ ಮೇಲೆ ನಾನು ಬಿ.ಕಾಂ. ಸೇರಿ ಅಬ್ಬಾ ಅವರ ಅಂಗಡಿಯ ಲೆಕ್ಕ ನೋಡಿಕೊಳ್ಳಬೇಕು. ಅದರಲ್ಲಿ ನನಗೆ ಬೇಸರವಿಲ್ಲ. ಆದರೆ ಹತ್ತನೇ ತರಗತಿಯ ನಂತರ ನಮ್ಮಂಥವರಿಗೆ ಪ್ರಯೋಗಾಲಯದ ಬಾಗಿಲು ಮುಚ್ಚಿಬಿಡುತ್ತದೆ. ಒಬ್ಬ ಲೆಕ್ಕಪತ್ರದ ಅಧಿಕಾರಿಗೆ ಕಲ್ಕತ್ತಾದಲ್ಲಿ ಬಾಗಿಲು ತೆರೆಯದಿದ್ದರೆ ಏನಾಗುತ್ತಿತ್ತು? ಆದ್ದರಿಂದ ನಮ್ಮ ಭೌತಶಾಸ್ತ್ರದ ಉಪನ್ಯಾಸಕರಲ್ಲಿ ಒಂದು ವಿನಂತಿ: ಬರುವ ಫೆಬ್ರುವರಿ 28ರ ವಿಜ್ಞಾನ ದಿನದಂದು ಕಾಮರ್ಸ್ ಮತ್ತು ಆರ್ಟ್ಸ್ ವಿದ್ಯಾರ್ಥಿಗಳಿಗೂ ಪ್ರಯೋಗಾಲಯವನ್ನು ಒಂದು ಗಂಟೆ ತೆರೆದಿಡಿ ಸರ್. ಪಟ್ಟಕದಲ್ಲಿ ಬೆಳಕು ಹೇಗೆ ಕಾಣುತ್ತದೆ ಎಂದು ನಾವೂ ನೋಡುತ್ತೇವೆ.