ಸರ್ ಚಾರ್ಲ್ಸ್ ವೀಟ್‌ಸ್ಟೋನ್: ವಾದ್ಯದ ಅಂಗಡಿಯಿಂದ ಬಂದ ವಿಜ್ಞಾನಿ

ನಮ್ಮ ಕಾಲೇಜಿನ ವಿಜ್ಞಾನ ವಿಭಾಗದವರ ಭೌತಶಾಸ್ತ್ರದ ಪುಸ್ತಕದಲ್ಲಿ ವೀಟ್‌ಸ್ಟೋನ್ ಬ್ರಿಡ್ಜ್ ಎಂಬ ಪಾಠವಿದೆ. ವಜ್ರದ ಆಕಾರದ ಚಿತ್ರ, ನಾಲ್ಕು ರೋಧಗಳು, ನಡುವೆ ಒಂದು ಗ್ಯಾಲ್ವನೋಮೀಟರ್. ವಾಣಿಜ್ಯ ವಿಭಾಗದ ನಮಗೆ ಅದರ ಗೊಡವೆಯಿಲ್ಲ. ಆದರೂ ಆ ಮನುಷ್ಯನನ್ನು ಪೂರ್ತಿಯಾಗಿ ಅವರಿಗೇ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಅವರು ಮೊದಲಿಗೆ ಅಂಗಡಿಯವರು. ಅವರ ಖಾತೆಗೆ ನಿಜವಾಗಿ ಜಮಾ ಆಗಬೇಕಾದದ್ದು ಆ ಬ್ರಿಡ್ಜ್ ಅಲ್ಲ, ಕನ್ಸರ್ಟಿನಾ ಎಂಬ ಪುಟ್ಟ ವಾದ್ಯ.

ಚಾರ್ಲ್ಸ್ ವೀಟ್‌ಸ್ಟೋನ್ ಹುಟ್ಟಿದ್ದು 1802ರ ಫೆಬ್ರವರಿ 6ರಂದು, ಇಂಗ್ಲೆಂಡಿನ ಗ್ಲಾಸ್ಟರ್ ಹತ್ತಿರ. ತಂದೆ ಕೊಳಲು ಕಲಿಸುತ್ತಿದ್ದರು, ವಾದ್ಯಗಳ ವ್ಯಾಪಾರವೂ ಇತ್ತು. 1806ರಲ್ಲಿ ಸಂಸಾರ ಲಂಡನ್ನಿಗೆ ಬಂತು. 14ನೇ ವಯಸ್ಸಿಗೆ ಹುಡುಗನನ್ನು ತಂದೆಯ ಸಹೋದರರ ವಾದ್ಯದ ಅಂಗಡಿಗೆ ಕೆಲಸ ಕಲಿಯಲು ಹಾಕಿದರು. ಅವನಿಗೋ ಗಲ್ಲಾಪೆಟ್ಟಿಗೆಗಿಂತ ಪುಸ್ತಕದ ಹುಚ್ಚು. ವೋಲ್ಟಾನ ವಿದ್ಯುತ್ ಪ್ರಯೋಗಗಳ ಬಗ್ಗೆ ಫ್ರೆಂಚ್ ಪುಸ್ತಕವೊಂದನ್ನು ಚಿಲ್ಲರೆ ಕೂಡಿಸಿ ಕೊಂಡನಂತೆ. ಬ್ಯಾಟರಿ ಮಾಡಲು ತಾಮ್ರದ ತಗಡು ಬೇಕು, ದುಡ್ಡು ಸಾಲದು. ಕೊನೆಗೆ ಉಳಿದ ತಾಮ್ರದ ಪೆನ್ನಿ ನಾಣ್ಯಗಳನ್ನೇ ತಗಡಿನ ಬದಲು ಬಳಸಿದನೆಂದು ಹೇಳುತ್ತಾರೆ. ಬಂಡವಾಳವನ್ನು ಹೀಗೂ ಹೂಡಬಹುದು!

1823ರಲ್ಲಿ ಆ ಸಹೋದರರು ತೀರಿಕೊಂಡ ಮೇಲೆ ಅಂಗಡಿ ಚಾರ್ಲ್ಸ್ ಮತ್ತು ಅವರ ತಮ್ಮ ವಿಲಿಯಂ ಕೈಗೆ ಬಂತು. 1829ರಲ್ಲಿ ಚಾರ್ಲ್ಸ್ ಸಿಂಫೋನಿಯಂ ಎಂಬ, ಬಾಯಿಂದ ಊದುವ ಗುಂಡಿಗಳ ವಾದ್ಯಕ್ಕೆ ಪೇಟೆಂಟ್ ಪಡೆದರು. ಬಾಯಿಯ ಬದಲು ತಿದಿ ಜೋಡಿಸಿದಾಗ ಅದೇ ಕನ್ಸರ್ಟಿನಾ ಆಯಿತು. ಅದನ್ನು ಇನ್ನಷ್ಟು ಸುಧಾರಿಸಿ 1844ರಲ್ಲಿ ಮತ್ತೊಂದು ಪೇಟೆಂಟ್ ಪಡೆದರು.

ನಾನು ಕನ್ಸರ್ಟಿನಾ ಮುಟ್ಟಿಲ್ಲ. ಆದರೆ ನಮ್ಮ ಮಾಮೂ ಕವ್ವಾಲಿಗೆ ಹಾರ್ಮೋನಿಯಂ ನುಡಿಸುತ್ತಾರೆ. ಅವರು ಪೆಟ್ಟಿಗೆ ಬಿಚ್ಚಿ ಧೂಳು ಒರೆಸುವಾಗ ಪಕ್ಕದಲ್ಲಿ ಕೂತು ನೋಡಿದ್ದೇನೆ. ಕೊಟ್ಟೂರಿನವರಿಗೆ ಹಾರ್ಮೋನಿಯಂ ಹೊಸದಲ್ಲ, ಕಂಪನಿ ನಾಟಕ ನೋಡಿದವರೆಲ್ಲ ಕೇಳಿದ್ದಾರೆ. ಎರಡೂ ವಾದ್ಯಗಳ ಜೀವ ಒಂದೇ: ಒಂದು ತುದಿಯಲ್ಲಿ ಬಿಗಿದ ತೆಳ್ಳನೆಯ ಲೋಹದ ನಾಲಿಗೆ, ಅಂದರೆ ರೀಡು. ಗಾಳಿ ಹಾದಾಗ ಅದು ಅದುರಿ ಸ್ವರ ಬರುತ್ತದೆ. ವ್ಯತ್ಯಾಸ ಗಾಳಿಯದು. ಹಾರ್ಮೋನಿಯಂ ಒಳಗೆ ಇನ್ನೊಂದು ತಿದಿ ಗಾಳಿಯನ್ನು ಕೂಡಿಟ್ಟುಕೊಂಡಿರುತ್ತದೆ. ನಮ್ಮ ಭಾಷೆಯಲ್ಲಿ ಅದು ಮೀಸಲು ನಿಧಿ. ಎಡಗೈ ಒಂದು ಕ್ಷಣ ತಡೆದರೂ ಸ್ವರ ನಿಲ್ಲುವುದಿಲ್ಲ. ಕನ್ಸರ್ಟಿನಾದಲ್ಲಿ ಮೀಸಲು ಇಲ್ಲ, ಎಲ್ಲವೂ ಕೈಮೇಲಿನ ನಗದು. ತೋಳು ಎಷ್ಟು ಒತ್ತಿತೋ ಅಷ್ಟೇ ದಮ್ಮು ನೇರವಾಗಿ ರೀಡಿಗೆ ಹೋಗುತ್ತದೆ. ಆದ್ದರಿಂದ ರೀಡು ಸೋಮಾರಿಯಾದರೆ ನುಡಿಸುವವರಿಗೆ ಕೂಡಲೇ ಗೊತ್ತಾಗುತ್ತದೆ.

ರೀಡು ಗಾಳಿಯ ಒಂದು ದಿಕ್ಕಿಗೆ ಮಾತ್ರ ನುಡಿಯುತ್ತದೆ. ವೀಟ್‌ಸ್ಟೋನ್ ಅವರ ಮಾದರಿಯಲ್ಲಿ ಎಳೆದರೂ ಒತ್ತಿದರೂ ಒಂದು ಗುಂಡಿಗೆ ಒಂದೇ ಸ್ವರ. ಅದಕ್ಕಾಗಿ ಪ್ರತಿ ಗುಂಡಿಗೂ ಎರಡು ರೀಡು ಬೇಕು. 48 ಗುಂಡಿಗೆ 96 ರೀಡು, ಒಂದೊಂದನ್ನೂ ಕೈಯಿಂದ ಅರದಿಂದ ಉಜ್ಜಿ ಶ್ರುತಿ ಮಾಡಬೇಕು. ಜರ್ಮನಿಯ ಉಲಿಗ್ ಎಂಬವರು 1834ರಲ್ಲಿ ಮಾಡಿದ ವಾದ್ಯದಲ್ಲಿ ಎಳೆದಾಗ ಒಂದು ಸ್ವರ, ಒತ್ತಿದಾಗ ಇನ್ನೊಂದು. ಕಡಿಮೆ ಗುಂಡಿ, ಕಡಿಮೆ ಖರ್ಚು. ಆದರೆ ಸ್ವರ ಬದಲಾಯಿಸಲು ತೋಳು ಪದೇ ಪದೇ ದಿಕ್ಕು ತಿರುಗಿಸಬೇಕು. ಕುಣಿತದ ಹಾಡಿಗೆ ಆ ಎಳೆತವೇ ಚೆಂದ, ನಿಧಾನದ ರಾಗಕ್ಕೆ ವೀಟ್‌ಸ್ಟೋನ್ ಅವರದು.

ಹಳೆಯ ಕನ್ಸರ್ಟಿನಾಗಳು ನೋಡಲು ಒಂದೇ ಥರ ಇದ್ದರೂ ಕೈಗೆ ಬೇರೆ ಬೇರೆ. ಮೊದಮೊದಲಿನವುಗಳಲ್ಲಿ ಹಿತ್ತಾಳೆಯ ರೀಡು ಹೆಚ್ಚು, ದನಿ ಮೃದು, ಜೋರಾಗಿ ನುಡಿಸಿದರೆ ಕಾಲಕ್ರಮೇಣ ಬಿರುಕು ಬಿಡುತ್ತದೆ. ಆಮೇಲೆ ಬಂದ ಉಕ್ಕಿನದು ಗಟ್ಟಿ ದನಿ. ರೀಡಿನ ನಾಲಿಗೆಗೂ ಚೌಕಟ್ಟಿಗೂ ನಡುವಿನ ಸಂದು ಕಿರಿದಾಗಿದ್ದರೆ ಸ್ವಲ್ಪ ಗಾಳಿಗೇ ನುಡಿಯುತ್ತದೆ. ನಾಲಿಗೆಯ ತುದಿ ಅತಿಯಾಗಿ ಎದ್ದಿದ್ದರೆ ಸ್ವರ ತಡವಾಗಿ ಏಳುತ್ತದೆ, ಅತಿಯಾಗಿ ತಗ್ಗಿದ್ದರೆ ಜೋರಾಗಿ ಒತ್ತಿದಾಗ ಉಸಿರುಕಟ್ಟಿ ನಿಂತೇ ಬಿಡುತ್ತದೆ. ಕೆಳಗಿನ ಸ್ವರಗಳ ರೀಡು ಉದ್ದ, ಹಾಗಾಗಿ ಅವು ನಿಧಾನ. ಇದರ ಮೇಲೆ ಗುಂಡಿಯ ಕೆಳಗಿನ ಸ್ಪ್ರಿಂಗ್ ಗಡುಸಾಗಿದ್ದರೆ ಬೆರಳು ದಣಿಯುತ್ತದೆ, ತಿದಿಯ ಮಡಿಕೆಯಲ್ಲಿ ಗಾಳಿ ಸೋರಿದರೆ ತೋಳು ದಣಿಯುತ್ತದೆ. ಹಳೆಯ ವಾದ್ಯ ಬಿಗಿ ಎನ್ನುವವರು ಎಷ್ಟೋ ಸಲ ರೀಡನ್ನು ದೂರುತ್ತಾರೆ, ತಪ್ಪು ಸೋರುವ ಚರ್ಮದ್ದಾಗಿರುತ್ತದೆ.

ಅಂಗಡಿಗೆ ವಾದ್ಯ ಮಾಡಿಕೊಡುತ್ತಿದ್ದವರಲ್ಲಿ ಸ್ವಿಟ್ಜರ್ಲೆಂಡಿನ ಲೂಯಿ ಲಾಶೆನಾಲ್ ಒಬ್ಬರು. ಯಂತ್ರಗಳಿಂದ ಭಾಗಗಳನ್ನು ತಯಾರಿಸುವ ಕ್ರಮ ತಂದು, 1858ರಲ್ಲಿ ತಮ್ಮದೇ ಕಾರ್ಖಾನೆ ತೆರೆದರು. ವೀಟ್‌ಸ್ಟೋನ್ ಅಂಗಡಿಯ ಒಳ್ಳೆಯ ವಾದ್ಯಗಳಲ್ಲಿ ಗುಂಡಿಯ ಸನ್ನೆಗೆ ರಿವೆಟ್ ಹಾಕಿದ ಕೀಲು, ಲಾಶೆನಾಲ್ ಅವರದರಲ್ಲಿ ಸರಳ ಕೊಕ್ಕೆ. ಕೊಕ್ಕೆ ಬೇಗ ಸವೆಯುತ್ತದೆ, ಬೆರಳಿಗೆ ಅಷ್ಟು ನಯವಲ್ಲ. ಆದರೆ ಅಗ್ಗ. ಶ್ರೀಮಂತರ ಹಜಾರದಲ್ಲಿದ್ದ ವಾದ್ಯ ಇಂಗ್ಲೆಂಡಿನ ಗಿರಣಿ ಊರುಗಳ ಕೂಲಿಕಾರರ ಬ್ಯಾಂಡಿಗೆ ಹೋದದ್ದು ಇಂಥ ಅಗ್ಗದ ವಾದ್ಯಗಳಿಂದ. ನನ್ನ ಮತ ಕೊಕ್ಕೆಗೆ.

ಇತ್ತ ಚಾರ್ಲ್ಸ್ 1834ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕರಾದರು. ಸಭೆಯೆಂದರೆ ಅವರಿಗೆ ಭಯ. ಅವರ ಸಂಶೋಧನೆಗಳನ್ನು ಎಷ್ಟೋ ಬಾರಿ ಗೆಳೆಯ ಮೈಕೆಲ್ ಫ್ಯಾರಡೆ ಜನರ ಮುಂದೆ ವಿವರಿಸಿದರು. 1837ರಲ್ಲಿ ವಿಲಿಯಂ ಕುಕ್ ಜೊತೆ ವಿದ್ಯುತ್ ಟೆಲಿಗ್ರಾಫಿಗೆ ಪೇಟೆಂಟ್ ಪಡೆದರು. ಹೆಚ್ಚಿನ ಶ್ರೇಯ ಯಾರಿಗೆ ಎಂದು ಇಬ್ಬರಿಗೂ ಜಗಳವಾಗಿ, 1841ರಲ್ಲಿ ಮಧ್ಯಸ್ಥರು ಕೂತು ತೀರ್ಮಾನಿಸಬೇಕಾಯಿತು.

ಅವರ ಲೆಡ್ಜರಿನಲ್ಲಿ ತಪ್ಪು ನಮೂದುಗಳು ಇನ್ನೂ ಇವೆ. ಬ್ರಿಡ್ಜನ್ನು 1833ರಲ್ಲೇ ವಿವರಿಸಿದವರು ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ. 1843ರಲ್ಲಿ ವೀಟ್‌ಸ್ಟೋನ್ ಅದನ್ನು ಬಳಕೆಗೆ ತಂದಾಗ ಕ್ರಿಸ್ಟಿಯ ಹೆಸರನ್ನು ಮರೆಮಾಚಲಿಲ್ಲ, ಆದರೂ ಲೋಕ ಇವರ ಖಾತೆಗೇ ಬರೆಯಿತು. ಇತ್ತ 1854ರಲ್ಲಿ ಇವರು ರೂಪಿಸಿದ ಗುಪ್ತಲಿಪಿ ಗೆಳೆಯ ಪ್ಲೇಫೇರ್ ಹೆಸರಿಗೆ ಹೋಯಿತು.

1868ರಲ್ಲಿ ಸರ್ ಪದವಿ ಬಂತು. 1875ರ ಅಕ್ಟೋಬರ್ 19ರಂದು ಪ್ಯಾರಿಸಿನಲ್ಲಿ ತೀರಿಕೊಂಡರು. ಅಂಗಡಿಯ ಹಳೆಯ ಲೆಕ್ಕದ ಪುಸ್ತಕಗಳು ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದಲ್ಲಿವೆ. ಯಾವ ಸಂಖ್ಯೆಯ ಕನ್ಸರ್ಟಿನಾ ಯಾವ ದಿನ ಯಾರಿಗೆ ಹೋಯಿತು ಎಂದು ಅವುಗಳಲ್ಲಿ ಬರೆದಿದೆ. ಕೊಂಡವರಲ್ಲಿ ಹೆಂಗಸರ ಹೆಸರು ಬಹಳ. ಇಂದಿಗೂ ಹಳೆಯ ವೀಟ್‌ಸ್ಟೋನ್ ವಾದ್ಯ ಸಿಕ್ಕವರು ಅದರ ಮೇಲಿನ ಸಂಖ್ಯೆ ನೋಡಿ, ಆ ಪುಟಗಳಲ್ಲಿ ಅದರ ವಯಸ್ಸು ಹುಡುಕುತ್ತಾರೆ.